ಹೆಣ್ಣು ನೋಡುವ ಶಾಸ್ತ್ರದಲ್ಲಿ ವ್ಯಾಕರಣ

ಬೇರೆಯವರ ತಪ್ಪು ಇಂಗ್ಲಿಷ್ ಕಿವಿಗೆ ಬಿದ್ದರೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಗೋಡೆಯ ಮೇಲಿನ ಫೋಟೊ ಓರೆಯಾಗಿದ್ದರೆ ಕೆಲವರ ಕೈ ತಾನಾಗಿ ಅತ್ತ ಹೋಗುತ್ತದಲ್ಲ, ಹಾಗೆ. ಹಡಗಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದುದರಿಂದ ಈ ರೋಗಕ್ಕೆ ಸಂಬಳವೂ ಬರುತ್ತಿತ್ತು. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಕೊಟ್ಟೂರಿನ ನನ್ನ ಅಕ್ಕನ ಮನೆಯಲ್ಲಿ, ಅದು ಒಂದು ಸಂಬಂಧವನ್ನೇ ಮುರಿಯುವುದರಲ್ಲಿತ್ತು.

ಅಕ್ಕನ ಮಗಳು ಗಿರಿಜೆಯನ್ನು ನೋಡಲು ಹರಪನಹಳ್ಳಿಯಿಂದ ನಾಗರಾಜನೆಂಬ ಹುಡುಗ ತಂದೆತಾಯಿಯ ಜೊತೆ ಬಂದಿದ್ದ. ಬ್ಯಾಂಕಿನಲ್ಲಿ ಗುಮಾಸ್ತ, ಆಗ ಅಂಥ ವರ ಸಿಗುವುದು ಸುಲಭವಿರಲಿಲ್ಲ. ಗಿರಿಜೆ ಬಾಗಿಲ ಸಂದಿಯಿಂದ ನೋಡಿಯೇ ಒಪ್ಪಿಬಿಟ್ಟಿದ್ದಳು. "ನೀನೂ ಒಂದೆರಡು ಮಾತಾಡ್ಸೋ" ಎಂದು ಅಕ್ಕ ನನ್ನನ್ನು ಅವನೆದುರು ಕೂರಿಸಿದಳು. ಇಂಗ್ಲಿಷ್ ಮೇಷ್ಟ್ರು ಎಂದು ಗೊತ್ತಾದದ್ದೇ ಹುಡುಗ ಬೆನ್ನು ನೆಟ್ಟಗೆ ಮಾಡಿ, "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಎಂದ.

"ಐ ಹ್ಯಾವ್ ಅನ್ಬೇಕು" ಎಂದೆ.

ಅವನು ಬೆವರು ಒರೆಸಿಕೊಂಡ. "ಒನ್ ಆಫ್ ಮೈ ಬ್ರದರ್ ಈಸ್ ಇನ್ ದಾವಣಗೆರೆ."

"ಬ್ರದರ್ಸ್. ಅವರಾಗ ಒಬ್ಬ ಅಂದಮ್ಯಾಲೆ ಉಳಿದವರೂ ಇರಬೇಕಲ್ಲಪ್ಪ. ಇನ್ನ ಆ ಹ್ಯಾವಿಂಗ್ ಐತಲ್ಲ, ಅದನ್ನ ಊಟಕ್ಕ, ಚಾಕ್ಕ ಇಟ್ಕಾ. ಅಣ್ಣತಮ್ಮರಿಗೆ ಹಚ್ಚಿದ್ರ ಅವರನ್ನ ತಿನ್ನಾಕತ್ತೀನಿ ಅಂದಂಗ ಆಗತೈತಿ."

ಹುಡುಗನ ತಾಯಿ ಕೈಯಲ್ಲಿದ್ದ ಮಿರ್ಚಿ ಭಜಿಯನ್ನು ತಟ್ಟೆಗೆ ಇಟ್ಟರು. "ನಮ್ಮ ಹುಡುಗ ಯಾರನ್ನ ತಿಂದಾನ್ರಿ? ಅವನು ಮೊಟ್ಟಿ ಸೈತ ಮುಟ್ಟಲ್ಲ."

ಸಮಾಧಾನ ಹೇಳಲು ಹೋದೆ. "ತಿಂದಿಲ್ರಿ ಅಮ್ಮಾರ. ಅದು ಭೂತಕಾಲ ಆತು. ಇದು ವರ್ತಮಾನ, ಇನ್ನೂ ತಿನ್ನಾಕತ್ತಾನ."

ಹುಡುಗನ ತಂದೆ ಎದ್ದು ರುಮಾಲು ಸರಿಮಾಡಿಕೊಂಡು, "ಬಸ್ಸಿನ ಹೊತ್ತಾತು" ಎಂದರು. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಯಾವ ಭಾಷೆಯ ವ್ಯಾಕರಣವೂ ಬೇಕಿರಲಿಲ್ಲ. ಒಳಗೆ ಗಿರಿಜೆ ಮೂಗು ಎಳೆಯುವ ಸದ್ದು ಕೇಳಿಸಿತು.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಚಹದ ತಟ್ಟೆ ಹಿಡಿದು ಬಂದಳು. "ಕುಂದರ್ರಿ ಯಜಮಾನ್ರ. ಇವರ ಮಾತು ಮನಸಿಗೆ ಹಚ್ಕಾಬ್ಯಾಡ್ರಿ. ನನ್ನ ನೋಡಾಕ ಬಂದಾಗ ಇವರು ಇಂಗ್ಲಿಷ್ ಇರ್ಲಿ, ಕನ್ನಡದಾಗೂ ತುಟಿ ಬಿಚ್ಚಲಿಲ್ಲ. ಹುಡುಗ ಮೂಗ ಅದಾನೇನು ಅಂತ ನಮ್ಮಪ್ಪ ಕೇಳಿದ್ದ."

ಮೊದಲು ನಕ್ಕವರು ಹುಡುಗನ ತಾಯಿ. ಆಮೇಲೆ ನಾಗರಾಜ ಎಷ್ಟು ನಕ್ಕನೆಂದರೆ ಅವನ ಚಹ ಚೆಲ್ಲಿತು. ಯಜಮಾನರು ಕೂತರು, ಏಳುವ ಹೊತ್ತಿಗೆ ಸಂಬಂಧ ಗಟ್ಟಿಯಾಗಿತ್ತು.

ನಾನು ಮಾತ್ರ ಹೆಂಡತಿಯ ಮಾತನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೆ. ಕರ್ತೃ, ಕರ್ಮ, ಕ್ರಿಯಾಪದ, ಕಾಲ, ಎಲ್ಲ ಪರೀಕ್ಷಿಸಿದೆ. ತಿದ್ದುವುದಕ್ಕೆ ಒಂದೂ ತಪ್ಪು ಸಿಗಲಿಲ್ಲ.