ಅತ್ತೆಯವರ ಫೋಟೋ ಮೇಲಿನ ಕವರು

ನಮ್ಮ ಅತ್ತೆಯವರ ಕೊನೆಯ ಮಾಮೂಲಿ ದಿನ ಅವರು ತರಕಾರಿ ಗಾಡಿಯವನ ಜೊತೆ ಒಂದು ಕವರಿಗಾಗಿ ಜಗಳವಾಡಿದರು. ಮರುದಿನ ಬೆಳಗ್ಗೆ ಅವರು ಏಳಲಿಲ್ಲ. ಕೊನೆಯ ದಿನಕ್ಕೆ ಇನ್ನಷ್ಟು ಗಾಂಭೀರ್ಯ ಇರಬೇಕಿತ್ತು ಎಂದು ನನಗೆ ಆಮೇಲೆ ಅನ್ನಿಸಿದ್ದುಂಟು. ಆದರೆ ಅದು ಕೊನೆಯದೆಂದು ಯಾರಿಗೆ ಗೊತ್ತಿತ್ತು? ಕಾಚಿಗೂಡದ ನಮ್ಮ ಗಲ್ಲಿಯಲ್ಲಿ ನಿಂತು ಅವನು ತೆಲುಗಿನಲ್ಲಿ "ಕವರ್ ಲೇದಮ್ಮಾ" ಅಂದ. ಇವರು ಕನ್ನಡದಲ್ಲಿ, "ಕವರ್ ಇಲ್ಲಂದ್ರ ಟೊಮ್ಯಾಟೊ ಏನ್ ತಲಿ ಮ್ಯಾಲೆ ಹೊತ್ಕೊಂಡು ಹೋಗ್ಲೇನು?" ಅಂದರು. ಅವನಿಗೆ ಕನ್ನಡ ಬರುವುದಿಲ್ಲ, ಇವರಿಗೆ ತೆಲುಗು ಬರುವುದಿಲ್ಲ. ಆದರೂ ಗಾಡಿಯ ಕೆಳಗಿನಿಂದ ಒಂದು ಕವರು ಹೊರಬಂತು. ಅತ್ತೆ ಅದನ್ನು ಮನೆಗೆ ತಂದು, ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದರು.

ಕಲಬುರಗಿಯಿಂದ ಮದುವೆಯಾಗಿ ಬಂದ ನಮ್ಮ ಅತ್ತೆ ಹೈದರಾಬಾದಿನಲ್ಲಿ ಇಡೀ ಸಂಸಾರವನ್ನು ಆ ಒಂದು ಪದದ ಬಲದ ಮೇಲೆ ನಡೆಸಿದರು ಎಂದರೆ ತಪ್ಪಿಲ್ಲ. ಅಂಗಡಿಯವನು ಕೊಡುವ ಚೀಲ ಕವರು. ಹಾಲು ಬರುವುದು ಕವರಿನಲ್ಲಿ. ಅಂಚೆಯವನು ತರುವುದೂ ಕವರು, ಮದುವೆಮನೆಯಲ್ಲಿ ಮದುಮಗಳ ಕೈಗೆ ಕೊಡುವುದೂ ಕವರು. ದಿಂಬಿಗೆ ಹಾಕುವುದು ಕವರು. ಹಿಮಾಯತ್‌ನಗರದ ನನ್ನ ಆಫೀಸಿನಲ್ಲಂತೂ ಒಬ್ಬರು ಬೇಗ ಮನೆಗೆ ಹೋದರೆ ಉಳಿದವರು ಅವರನ್ನೇ ಕವರ್ ಮಾಡುತ್ತಾರೆ. ಈ ಕೊನೆಯ ಅರ್ಥ ಕೇಳಿ ಅತ್ತೆ ಬಹಳ ಮೆಚ್ಚಿಕೊಂಡಿದ್ದರು. "ಮನಷ್ಯಾರಿಗೂ ಹಾಕ್ತೀರಂದ್ರ ಛಲೋನ ಆತು ಬಿಡು" ಅಂದಿದ್ದರು.

ಅವರು ಹಾಕದೆ ಬಿಟ್ಟಿದ್ದು ಮನುಷ್ಯರಿಗೆ ಮಾತ್ರ. ಹಳೆಯ ಸೀರೆಗಳನ್ನು ಕತ್ತರಿಸಿ ಟಿವಿಗೆ, ಮಿಕ್ಸಿಗೆ, ಫ್ರಿಜ್ಜಿಗೆ, ಫ್ರಿಜ್ಜಿನ ಹಿಡಿಗೆ ಬೇರೆಯಾಗಿ, ಕವರು ಹೊಲಿದಿದ್ದರು. ಹೊಲಿಗೆ ಯಂತ್ರವೂ ಬಿಡುವಾದ ಕೂಡಲೇ ತನ್ನ ಕವರಿನೊಳಗೆ ಹೋಗುತ್ತಿತ್ತು. ರಿಮೋಟು ಪ್ಲಾಸ್ಟಿಕ್ಕಿನೊಳಗೆ ಕೂತು ಕೂತು ಮಸುಕಾಗಿ, ನಾವು ಸುದ್ದಿ ನೋಡಲು ಹೋಗಿ ಅಡುಗೆ ಕಾರ್ಯಕ್ರಮ ನೋಡುತ್ತಿದ್ದೆವು. ಸೋಫಾ ನಾನು ಈ ಮನೆಗೆ ಬರುವ ಮೊದಲೇ ಬಂದದ್ದು. ಅದರ ನಿಜವಾದ ಬಣ್ಣ ಯಾವುದು ಎಂದು ಹೊಸದರಲ್ಲಿ ಕೇಳಿದ್ದೆ.

"ಭಾಳ ಛಲೋ ಬಣ್ಣ ಐತಿ" ಅಂದರು.

"ನೋಡ್ಲೇನ್ರಿ ಅತ್ತಿ?"

"ನೋಡಿದ್ರ ಹೊಲಸಾಗತೈತಿ."

ಅತ್ತೆ ತೀರಿಹೋದಾಗ ಆಫೀಸಿನಿಂದ ಫೋನು ಬಂತು. "ನೀವು ನಿಧಾನಕ್ಕ ಬರ್ರಿ ಮೇಡಂ, ನಾವೆಲ್ಲ ಕವರ್ ಮಾಡ್ತೀವಿ" ಎಂದರು. ಅತ್ತೆಗೆ ಹೇಳಬೇಕು ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ನೆನಪಾಯಿತು.

ನಮ್ಮ ಯಜಮಾನರು ಸ್ಟುಡಿಯೋದಲ್ಲಿ ಅವರ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದರು. ಅದು ತೆಳು ಪ್ಲಾಸ್ಟಿಕ್ ಸುತ್ತಿಕೊಂಡು ಬಂದಿತ್ತು. ಅದನ್ನು ಹಾಗೆಯೇ ಗೋಡೆಗೆ ಹಾಕಿದರು. ಹಾಗೆ ಹಾಕಬಾರದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಸ ವಸ್ತುವಿನ ಕವರು ತೆಗೆಯುವ ಅಭ್ಯಾಸ ನಮಗಿದ್ದರೆ ತಾನೆ? ನಾನು ದಿನಾ ಪ್ಲಾಸ್ಟಿಕ್ಕಿನ ಮೇಲೆಯೇ ಕುಂಕುಮ ಹಚ್ಚಿದೆ, ಹೂ ಮುಡಿಸಿದೆ. ಮಧ್ಯಾಹ್ನ ಬಿಸಿಲು ಬಂದರೆ ಅದರಲ್ಲಿ ನಮ್ಮ ಕಿಟಕಿ ಕಾಣುತ್ತಿತ್ತು, ಅತ್ತೆಯ ಮುಖ ಕಾಣುತ್ತಿರಲಿಲ್ಲ. ಗೋಡೆ ಸರಿಯಿಲ್ಲ ಎಂದು ಎದುರಿನ ಗೋಡೆಗೆ ಹಾಕಿದೆವು. ಅಲ್ಲಿ ಟ್ಯೂಬ್‌ಲೈಟು ಕಂಡಿತು.

ತಿಂಗಳ ಪೂಜೆಗೆ ಅತ್ತೆಯ ತಂಗಿ ಕಲಬುರಗಿಯಿಂದ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಗೋಡೆ ನೋಡಿ ನಿಂತರು.

"ಅಯ್ಯ ಶಿವನ! ಇದರ ಕವರ್ ಯಾಕ ತಗದಿಲ್ಲ?"

"ಧೂಳ ಕೂಡತೈತಿ ಚಿಕ್ಕವ್ವ" ಅಂದರು ನಮ್ಮವರು.

"ಧೂಳ ಕೂತ್ರ ಒರಸಾಕ ಕೈ ಇಲ್ಲೇನು? ಅಂಗಡ್ಯಾಗ ಇಟ್ಟಂಗ ಇಟ್ಟೀರಲ್ಲ ನಮ್ಮಕ್ಕನ್ನ!"

"ಅವ್ವ ಇದ್ದಿದ್ರ ತಗಿಯಾಕ ಬಿಡ್ತಿದ್ಲೇನು?"

ಬಿಡುತ್ತಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಯಜಮಾನರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ನಾನೂ ಹಿಂದೆ ಹೋದೆ.

"ಮುಖಾನ ಕಾಣವಲ್ತುರಿ" ಅಂದೆ. "ನನಗ ಅವರ್ನ ನೋಡಬೇಕನಸ್ತೈತಿ."

ಅವರು ಲೋಟದೊಳಗೆ ನೋಡುತ್ತ ನಿಂತರು. "ನೀನ ತಗಿ. ನನ್ನ ಕೈಲೆ ಆಗೂದಿಲ್ಲ."

ನಾನು ಸ್ಟೂಲು ಹತ್ತಿ ಫೋಟೋ ಇಳಿಸಿದೆ. ಅಂಟುಪಟ್ಟಿಯನ್ನು ಉಗುರಿನಿಂದ ಎಬ್ಬಿಸುವಾಗ, ಇಷ್ಟು ಹೊತ್ತು ಬೈದಿದ್ದ ಚಿಕ್ಕಮ್ಮನೇ, "ನಿಧಾನಕ್ಕ ತಗಿ, ಹರದೀತು. ಯಾತಕ್ಕರ ಬರತೈತಿ" ಅಂದರು. ಅಕ್ಕತಂಗಿಯರು ಒಂದೇ ಮನೆಯಲ್ಲಿ ಬೆಳೆದವರಲ್ಲವೆ. ತಿಂಗಳ ಕುಂಕುಮವೆಲ್ಲ ಪ್ಲಾಸ್ಟಿಕ್ಕಿನ ಜೊತೆ ಹೋಯಿತು. ಕೆಳಗೆ ಅತ್ತೆಯ ಹಣೆ ಖಾಲಿಯಿತ್ತು. ಮತ್ತೆ ಹಚ್ಚಿದೆ.

ಮುಖ ಈಗ ಚೆನ್ನಾಗಿ ಕಾಣುತ್ತಿತ್ತು. ರೇಷನ್ ಕಾರ್ಡಿಗೆಂದು ತೆಗೆಸಿದ ಫೋಟೋ ಅದು. ತುಟಿ ಬಿಗಿದು, ಯಾರೋ ತೂಕದಲ್ಲಿ ಮೋಸ ಮಾಡುತ್ತಿದ್ದಾರೆ ಎಂಬಂತೆ ನೋಡುತ್ತಿದ್ದರು.

"ಹಿಂಗ್ಯಾಕ ಗಂಟ ಮಾರಿ ಮಾಡ್ಯಾಳ? ನಕ್ಕಿದ್ದು ಸಿಗಲಿಲ್ಲೇನು?" ಎಂದರು ಚಿಕ್ಕಮ್ಮ.

ಮೂವರೂ ಕೂತು ಫೋನುಗಳಲ್ಲಿ ಹುಡುಕಿದೆವು. ನಕ್ಕ ಫೋಟೋಗಳು ಬೇಕಾದಷ್ಟು ಸಿಕ್ಕವು. ಮದುವೆಗಳಲ್ಲಿ, ನಮ್ಮ ಮಾಳಿಗೆಯ ಮೇಲೆ, ನಾನು ಸುಟ್ಟ ರೊಟ್ಟಿಯನ್ನು ಕೈಯಲ್ಲಿ ಹಿಡಿದು. ನಗು ಬಂದಾಗ ಅವರು ಸೆರಗು ಎಳೆದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಪ್ರತಿ ಫೋಟೋದಲ್ಲೂ ಎರಡು ಕಣ್ಣು, ಅವುಗಳ ಕೆಳಗೆ ಒಂದು ಸೆರಗು. ಇಷ್ಟು ವರ್ಷ ಜೊತೆಗಿದ್ದು ನಾನು ಸೋಫಾದ ಬಣ್ಣ ಕೇಳಿದೆನೇ ಹೊರತು, ಒಮ್ಮೆಯಾದರೂ ಆ ಸೆರಗು ಇಳಿಸಿರೆಂದು ಕೇಳಲಿಲ್ಲ.

ಅತ್ತೆ ಬಾಯಿ ಬಿಟ್ಟು ನಗುವ ಫೋಟೋ ನಮ್ಮಲ್ಲಿ ಒಂದೂ ಇಲ್ಲ.