ಚಂದ್ರನಿಂದ ಬಾರದ ಮುಖ್ಯ ಅತಿಥಿ

ಸನ್ಮಾನ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ನಾರ್ತ್ ಕೆರೊಲಿನಾದಲ್ಲಿ ಇರಲಿಲ್ಲ. ಏಪೆಕ್ಸ್ ಎಂಬ ಊರಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯಾಗಿ ಶಾಲು, ಮೈಸೂರು ಪೇಟ, ಗಂಧದ ಹಾರವನ್ನು ಕಾರಿನ ಟ್ರಂಕ್‌ನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ!

ಹಾಗಾಗಿ, ಚಂದ್ರನ ಮೇಲೆ ಮೊದಲು ನಡೆದ ಗಗನಯಾತ್ರಿಗಳಿಗೆ ಚಿನ್ನದ ಪದಕ ಕೊಡುವ ಮಸೂದೆ ವಾಷಿಂಗ್ಟನ್ನಿನಲ್ಲಿ ಚರ್ಚೆಗೆ ಬರುತ್ತದೆಂದು ಪೇಪರಿನಲ್ಲಿ ಓದಿದ ಸಂಜೆಯೇ ಸಂಘದ ಮೀಟಿಂಗಿನಲ್ಲಿ ಘೋಷಿಸಿಬಿಟ್ಟೆ: “ಈ ಸಲ ಯುಗಾದಿಗೆ ಚೀಫ್ ಗೆಸ್ಟ್, ಚಂದ್ರನ ಮೇಲೆ ನಡೆದವರು! ಕರ್ಕೊಂಡು ಬರ್ಲಿಲ್ಲ ಅಂದ್ರೆ ಕಾರ್ಯದರ್ಶಿ ಪೋಸ್ಟಿಗೆ ರಾಜೀನಾಮೆ!”

ಚಪ್ಪಾಳೆ ಬಿತ್ತು. ರಾಜೀನಾಮೆ ಎಂದಾಗಲೇ ಜೋರಾಗಿ ಬಿತ್ತು ಎಂದು ಹೆಂಡತಿ ಸುಮಿತ್ರಾಳ ಅಂಬೋಣ.

“ರೀ, ಅದು ಬರೀ ವೋಟಿಂಗ್. ಆಸ್ಟ್ರೋನಾಟ್‌ಗಳು ಅಲ್ಲಿಗ್ಯಾಕ್ರೀ ಬರ್ತಾರೆ?”

“ಸನ್ಮಾನ ಮಾಡಿಸ್ಕೊಳ್ಳೋರೇ ಬರದೆ ಸನ್ಮಾನ ಹೇಗೇ ಆಗತ್ತೆ? ಸುಮ್ನೆ ಕ್ಯಾಮೆರಾ ತಗೊಂಡು ಕಾರು ಹತ್ತು!”

ಚರ್ಚೆಯ ದಿನ ವಾಷಿಂಗ್ಟನ್ ತಲುಪಿ, ಸನ್ಮಾನದ ಚೀಲವನ್ನು ಕೆಳಗೆ ಕೌಂಟರಿನಲ್ಲಿ ಒಪ್ಪಿಸಿ ಸಂಸತ್ತಿನ ಗ್ಯಾಲರಿಯಲ್ಲಿ ಕೂತೆವು. ನನ್ನ ಲೆಕ್ಕದಲ್ಲಿ ಮೊದಲು ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಆಮೇಲೆ ಪದಕ. ಸಭೆಯಲ್ಲಿದ್ದದ್ದು ಬೆರಳೆಣಿಕೆಯ ಜನ. ಇಬ್ಬರು ಎದ್ದು ನಾಲ್ಕು ಒಳ್ಳೆಯ ಮಾತಾಡಿದರು, ಯಾರೋ ‘ಹೂಂ’ ಅಂದರು, ಸಭಾಧ್ಯಕ್ಷರ ಸುತ್ತಿಗೆ ಬಿತ್ತು. ಮುಗಿಯಿತು! ನಮ್ಮ ಸಂಘದಲ್ಲಿ ಮೈಕ್ ಟೆಸ್ಟಿಂಗೇ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಗಗನಯಾತ್ರಿಗಳ ಸುಳಿವೇ ಇಲ್ಲ.

ಜೋಲು ಮುಖ ಹಾಕಿಕೊಂಡು ಚೀಲ ವಾಪಸ್ ಪಡೆಯುತ್ತಿದ್ದೆ. ಕಂಬದ ಪಕ್ಕದಲ್ಲಿ ನಿಂತಿದ್ದರು ಅವರು! ಎತ್ತರದ ನಿಲುವು, ಬೆಳ್ಳಿಕೂದಲು, ಕೋಟಿನ ಮೇಲೆ ರಾಕೆಟ್ಟಿನ ಪಿನ್ನು. ಪೇಪರಿನ ಫೋಟೋದಲ್ಲಿ ಮುಖವೆಲ್ಲ ಹೆಲ್ಮೆಟ್ಟಿನೊಳಗಿದ್ದುದರಿಂದ ತಾಳೆ ನೋಡುವ ಪ್ರಶ್ನೆಯೇ ಬರಲಿಲ್ಲ. ಶಾಲು ಹೊದಿಸಿದೆ, ಪೇಟ ತೊಡಿಸಿದೆ, ಹಾರ ಹಾಕಿದೆ.

“ಸರ್, ನೀವು ನನ್ನನ್ನ ಬೇರೆ ಯಾರೋ ಅಂದುಕೊಂಡು…” ಎಂದು ಅವರು ಇಂಗ್ಲಿಷಿನಲ್ಲಿ ತೊದಲಿದರು.

“ನೋಡಿದ್ಯೇನೇ ಸುಮಿ, ಎಂಥ ವಿನಯ!” ಎಂದು ಕಣ್ಣೊರೆಸಿಕೊಂಡು ಅವರನ್ನು ಯುಗಾದಿಗೆ ಕರೆದೆ. ಊಟ ಇರುತ್ತದೆಯೇ ಎಂದರು. ಹೋಳಿಗೆ ಊಟ ಎಂದೆ. ಒಪ್ಪಿಬಿಟ್ಟರು! ಪೇ ಫೋನಿಗೆ ಓಡಿ ಸಂಘದ ಅಧ್ಯಕ್ಷರಿಗೆ ಕೂಗಿ ಹೇಳಿದೆ: “ಸಿಕ್ಕಿಬಿಟ್ರು ಸಾರ್! ಫ್ಲೈಯರ್ ಪ್ರಿಂಟ್ ಮಾಡ್ಸಿ!”

ವಾಪಸ್ ಬಂದರೆ ಸುಮಿತ್ರಾ ಅತಿಥಿಗಳ ವಿಸಿಟಿಂಗ್ ಕಾರ್ಡ್ ಹಿಡಿದು, ನಗು ತಡೆಯಲಾಗದೆ ಕಂಬಕ್ಕೆ ಒರಗಿದ್ದಳು.

“ವರ್ಜೀನಿಯಾದಲ್ಲಿ ಡೆಂಟಿಸ್ಟ್ ಅಂತೆ ಕಣ್ರೀ! ಪಿನ್ನು ಮ್ಯೂಸಿಯಂ ಅಂಗಡೀಲಿ ತಗೊಂಡಿದ್ದಂತೆ!”

ಹೊದಿಸಿದ ಶಾಲನ್ನು ವಾಪಸ್ ಕೇಳುವುದು ಹೇಗೆ? ಕರೆದ ಅತಿಥಿಗೆ ಬರಬೇಡಿ ಎನ್ನುವುದು ಹೇಗೆ? ಅಧ್ಯಕ್ಷರಿಗೆ ಮತ್ತೆ ಫೋನ್ ಮಾಡಿ ನಿಜ ಒಪ್ಪಿಕೊಂಡೆ. ಯುಗಾದಿಗೆ ಅವರು ಬಂದೇ ಬಂದರು, ಪೇಟದ ಸಮೇತ! ತಾನು ಚಂದ್ರನಲ್ಲಿಗೆ ಹೋಗಿಲ್ಲವೆಂದು ಒಂದೇ ಮಾತಿನಲ್ಲಿ ಮುಗಿಸಿ, ಒಸಡಿನ ಆರೋಗ್ಯದ ಬಗ್ಗೆ ಸೊಗಸಾಗಿ ಮಾತಾಡಿದರು. ಹೋಳಿಗೆ ತಿಂದ ಜನ ಸಾಲಾಗಿ ನಿಂತು ಬಾಯಿ ತೆರೆದು ತೋರಿಸಿದರು. ಅದೂ ಇನ್ಶೂರೆನ್ಸ್ ಕೇಳದ ಡಾಕ್ಟರಿಗೆ! ಮುಂದಿನ ವರ್ಷವೂ ಇವರೇ ಬರಲಿ ಎಂದು ಬೇಡಿಕೆ ಬಂತು.

ನಾನು ಮಾತಿಗೆ ತಪ್ಪುವವನಲ್ಲ. ಮೈಕ್ ಹಿಡಿದು, ಗದ್ಗದ ಕಂಠದಲ್ಲಿ ರಾಜೀನಾಮೆ ಎಂದೆ. ‘ಬೇಡ, ಬೇಡ’ ಎಂದು ಎಲ್ಲರೂ ಕೂಗಲೆಂದು ತುಸು ತಡೆದು ನಿಂತೆ.

ಅಧ್ಯಕ್ಷರು ಮೆಲ್ಲಗೆ ಬಂದು ಕಿವಿಯಲ್ಲಿ ಹೇಳಿದರು: “ಕೂತ್ಕೊಳಿ ಸಾರ್. ಕಮಿಟಿ ಅದನ್ನ ಬೆಳಗ್ಗೆನೇ ಸರ್ವಾನುಮತದಿಂದ ಅಂಗೀಕರಿಸಿ ಆಗಿದೆ!”