ಮಿಟುಕಿದ ದೀಪಕ್ಕೆ ಎರಡರ್ಥ

ಆ ದಿನ ಬೆಳಿಗ್ಗೆ ಲಂಪೂನ್ ಪಟ್ಟಣದ ಮೇಲೆ ಮಂಜು, ಅಂಟಕ್ಕಿ ಬೇಯುವ ಬುಟ್ಟಿಗೆ ಹೊದಿಸಿದ ಒದ್ದೆ ಬಟ್ಟೆಯ ಹಾಗೆ ಬಿಗಿಯಾಗಿ ಕೂತಿತ್ತು. ಒಂಬತ್ತಕ್ಕೆ ಬಿಸಿಲು ಬಂದು ಆ ಬಟ್ಟೆ ಎತ್ತಿದಾಗ, ಕುವಾಬಾರಾ ತನ್ನ ಹೊಸ ಕಾರಿನ ಮೂತಿಗೆ ಅಂಗೈಯಗಲದ ಎಲೆಯೊಂದನ್ನು ಅಂಟಿಸುತ್ತ ನಿಂತಿದ್ದ. ಅರ್ಧ ಹಸಿರು, ಅರ್ಧ ಹಳದಿ, ಅಯಸ್ಕಾಂತದ ಎಲೆ. ಅವನ ಜಪಾನಿನಲ್ಲಿ ಹೊಸದಾಗಿ ಗಾಡಿ ಕಲಿತವರು ಅದನ್ನು ಅಂಟಿಸಿಕೊಳ್ಳುತ್ತಾರೆ. ಕಂಡವರು ಕನಿಕರಪಟ್ಟು ದಾರಿ ಬಿಡುತ್ತಾರೆ. ಇವನು ಇಪ್ಪತ್ತು ವರ್ಷ ಗಾಡಿ ಓಡಿಸಿದವನೇ. ಆದರೂ ಪರದೇಶದಲ್ಲಿ ಇದು ಮೊದಲ ದಿನ, ವಿನಯಕ್ಕೆ ಕೊರತೆಯಾಗಬಾರದು ಎಂಬುದು ಅವನ ನಂಬಿಕೆ.

"ಇದೇನು ಕುವಾ ಸಾನ್, ಗಾಡಿಗೆ ವೀಳ್ಯದೆಲೆ ತಿನ್ನಿಸ್ತಿದೀರಾ?" ಎಂದ ಪಕ್ಕದ ಮನೆಯ ಕಮ್ಮೂನ್ ಮಾವ, ಜಪಾನಿನವರ ಮರ್ಯಾದೆಯ 'ಸಾನ್' ಸೇರಿಸಿ. ಮೂವತ್ತು ವರ್ಷ ಬಾಡಿಗೆ ವ್ಯಾನು ಓಡಿಸಿದವನು. ಈಗ ಸ್ವಂತ ಗಾಡಿಯಿಲ್ಲದ್ದರಿಂದ ಬೇರೆಯವರ ಗಾಡಿಯಲ್ಲಿ ಕೂತು ಬಾಯಿಂದಲೇ ಓಡಿಸುತ್ತಿದ್ದ.

ಅಂದು ಕುವಾಬಾರಾನ ಬಾಡಿಗೆ ಮನೆಯ ಒಡತಿ ಚಂಪೆಂಗ್ ಅಮ್ಮನ ಗಂಡ ತೀರಿಹೋಗಿ ನೂರನೆಯ ದಿನ. ನದಿಯಾಚೆಯ ವಿಹಾರದ ಭಿಕ್ಷುಗಳಿಗೆ ಊಟ ಒಯ್ಯಬೇಕಿತ್ತು. ಹನ್ನೆರಡು ಗಂಟೆ ದಾಟಿತೆಂದರೆ ಭಿಕ್ಷುಗಳು ಮರುದಿನ ಬೆಳಗಿನವರೆಗೆ ಒಂದಗುಳೂ ಮುಟ್ಟುವುದಿಲ್ಲ. ಬುದ್ಧನ ನಿಯಮಕ್ಕೆ ಟ್ರಾಫಿಕ್ಕಿನ ನೆಪ ಗೊತ್ತಿಲ್ಲ. ಒಯ್ಯಬೇಕಾಗಿದ್ದ ಅಮ್ಮನ ಅಣ್ಣನ ಮಗನ ಗಾಡಿ ಕೆಟ್ಟು ನಿಂತಿದ್ದರಿಂದ, ಕುವಾಬಾರಾ ತಾನು ಕೆಲಸ ಮಾಡುವ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿದ್ದ.

"ಚಿಂತಿಸದಿರಿ ಅಮ್ಮ," ಎಂದ, ಪುಸ್ತಕದಿಂದ ಕಲಿತ ಭಾಷೆಯಲ್ಲಿ. "ಉಭಯ ದೇಶಗಳಲ್ಲಿಯೂ ರಸ್ತೆಯ ಎಡಬದಿಯೇ. ಕಾಲು ಗಂಟೆಯಲ್ಲಿ ತಲುಪಿಸುವೆನು."

"ಕಾಲು ಗಂಟೆ ಯಾಕೆ, ಎರಡು ಗಂಟೆ ತಗೊಳ್ಳಿ. ಹನ್ನೆರಡರೊಳಗೆ ಮುಟ್ಟಿಸಿದ್ರೆ ಸಾಕು. ಹೋದವರ ಪಾಲು ಹೋದವರಿಗೆ ಸೇರ್ಬೇಕು, ಅಷ್ಟೇ."

ಹತ್ತು ಗಂಟೆಗೆ ಹೊರಟರು. ಅಮ್ಮ ಹಿಂದೆ, ಅಂಟಕ್ಕಿಯ ಬುಟ್ಟಿಗಳ ನಡುವೆ. ಮಾವ ಮುಂದೆ, ಹಂದಿಮಾಂಸದ ಸಾರಿನ ಪಾತ್ರೆಯನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು.

ಮೊದಲ ಅಡ್ಡರಸ್ತೆಯಲ್ಲೇ ಎದುರಿನಿಂದ ಬಂದ ನೀಲಿ ಪಿಕಪ್ ಎರಡು ಸಲ ದೀಪ ಮಿಟುಕಿಸಿತು. ಕುವಾಬಾರಾನ ಎದೆ ತುಂಬಿ ಬಂತು. ಅವನ ಊರಿನಲ್ಲಿ ಅದಕ್ಕೆ 'ಮೊದಲು ನೀವು ಹೋಗಿ' ಎಂದರ್ಥ. ಕೂತಲ್ಲೇ ತಲೆಬಾಗಿ ನಮಸ್ಕರಿಸಿ, ಬಲಕ್ಕೆ ತಿರುಗಿಸಿದ.

ಪಿಕಪ್ಪಿನ ಚಕ್ರಗಳು ಕಿರುಚಿದವು. ಎರಡು ಗಾಡಿಗಳ ನಡುವೆ ಒಂದು ಗೇಣು ಉಳಿಯಿತು. ಸಾರಿನಲ್ಲಿ ಕಾಲುಭಾಗ ಮಾವನ ತೊಡೆಗೆ ಇಳಿಯಿತು. ಕಾರಿನ ಮೂತಿಯಿಂದ ಎಲೆ ಉದುರಿತು. ಅದನ್ನು ಯಾರೂ ಗಮನಿಸಲಿಲ್ಲ.

"ಅಯ್ಯಯ್ಯೋ! ಸುಟ್ಟೇಹೋಯ್ತು! ಅವನು ದೀಪ ಹೊಡೆದ್ನಲ್ಲ, ಕಣ್ಣಿಲ್ವಾ ನಿಮಗೆ?"

"ಹೊಡೆದರು. ಆದುದರಿಂದಲೇ ಹೋದೆನು."

"ದೀಪ ಹೊಡೆದ್ರೆ 'ನಾನು ಬರ್ತಿದೀನಿ, ನೀನು ಸುಮ್ನೆ ನಿಂತ್ಕೊ' ಅಂತ ಮಾರಾಯ್ರೇ!"

ಕುವಾಬಾರಾ ನಾಚಿ ಕೆಂಪಾದ. ಮುಂದೆ ಹೋಗಿ ರಸ್ತೆ ಬದಿಗೆ ನಿಂತು, ತನ್ನ ಊರಿನ ಪದ್ಧತಿಯಂತೆ ಕ್ಷಮೆ ಕೇಳಲು ನಾಲ್ಕೂ ಮೂಲೆಯ ದೀಪಗಳನ್ನು ಮಿಣಮಿಣ ಉರಿಸಿದ. ಈ ಊರಿನಲ್ಲಿ ಹಾಗೆ ಉರಿಸಿ ನಿಂತರೆ ಗಾಡಿ ಕೆಟ್ಟಿದೆ ಎಂದೇ ಅರ್ಥ. ಊರಿನವರು ಪರೋಪಕಾರಿಗಳು ಬೇರೆ. ಪಪ್ಪಾಯಿ ಕೋಸಂಬರಿ ಮಾರುವವಳು ಒನಕೆ ಬಿಟ್ಟು ಓಡಿಬಂದಳು. ಬೈಕ್ ಟ್ಯಾಕ್ಸಿಯ ಇಬ್ಬರು ಬಾನೆಟ್ ಎತ್ತಿದರು.

"ಎಂಜಿನ್ ಬಿಸಿಯಾಗಿದೆ," ಎಂದ ಒಬ್ಬ.

"ಬಿಸಿಯಾಗಿರೋದು ನನ್ನ ತೊಡೆ ಕಣಯ್ಯಾ," ಎಂದ ಮಾವ.

ಅವರ ಮನಸ್ಸಿಗೆ ನೋವಾಗಬಾರದೆಂದು ಕುವಾಬಾರಾ ಬೇಡವೆನ್ನಲಿಲ್ಲ. ಅವರು ನೀರು ಹುಯ್ದರು, ಬ್ಯಾಟರಿಯ ತಂತಿ ಬಿಚ್ಚಿ ಮತ್ತೆ ಕಟ್ಟಿದರು, ಕೊನೆಗೆ ಚೆನ್ನಾಗಿಯೇ ಇದ್ದ ಕಾರನ್ನು ಅರ್ಧ ಫರ್ಲಾಂಗ್ ತಳ್ಳಿ, ಅದು ಶುರುವಾದಾಗ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ದೂರದ ವಿಹಾರದಿಂದ ಹನ್ನೊಂದರ ಊಟದ ನಗಾರಿ ಕೇಳಿಸಿತು. ಅಮ್ಮ ಕಣ್ಮುಚ್ಚಿ ಕೈಮುಗಿದಳು.

ಅಲ್ಲಿಂದ ಮುಂದೆ ಕುವಾಬಾರಾ ಒಳ್ಳೆಯ ಶಿಷ್ಯನಾದ. ಯಾರು ದೀಪ ಹೊಡೆದರೂ ನಿಂತ. ಹೆದ್ದಾರಿಯಲ್ಲಿ ತಿರುಗಬೇಕಾದ ಕಡೆ ಎದುರು ಬಂದವರೆಲ್ಲ ದೀಪ ಹೊಡೆಯುವವರೇ. ಲಾರಿ ಹೊಡೆಯಿತು, ನಿಂತ. ಸ್ಕೂಟರ್ ಹೊಡೆಯಿತು, ನಿಂತ. ಅರ್ಧ ಗಂಟೆ ಅಲ್ಲಿ ಮೈಲಿಗಲ್ಲಿನಂತೆ ನಿಂತೇ ಇದ್ದ.

"ಈಗ ಕಲಿತ್ರಿ ನೋಡಿ!" ಎಂದು ಮಾವ ಬೀಗಿದ.

"ಕಲಿಯೋದು ನಾಳೆ ಮಾಡ್ಕೊಳ್ಳಿ, ಹೊತ್ತು ಹೋಗ್ತಿದೆ," ಎಂದಳು ಅಮ್ಮ.

ನದಿಯ ಸೇತುವೆ ಮುಟ್ಟಿದಾಗ ಹನ್ನೆರಡಕ್ಕೆ ಹನ್ನೆರಡು ನಿಮಿಷ ಇತ್ತು. ಒಂದೇ ಗಾಡಿ ಹೋಗುವಷ್ಟು ಕಿರಿದಾದ ಸೇತುವೆ. ಆಚೆಗೆ ವಿಹಾರದ ಚಿನ್ನದ ತುದಿ ಕಾಣುತ್ತಿತ್ತು. ಆಚೆ ದಡದಲ್ಲಿ ನಿಂತಿದ್ದ ಗಾಡಿ ಎರಡು ಸಲ ದೀಪ ಮಿಟುಕಿಸಿತು.

ಕುವಾಬಾರಾ ತಟ್ಟನೆ ನಿಂತ.

"ಅದು ಬೆಳಗಿನ ನೀಲಿ ಗಾಡಿನೇ ಅಲ್ವಾ?" ಎಂದಳು ಅಮ್ಮ.

"ಅದೇ! ಈ ಸಲ ಅವನು ಬಿಡಲ್ಲ. ಅಲ್ಲಾಡಬೇಡಿ ಕುವಾ ಸಾನ್!"

ಪಿಕಪ್ ಬರಲಿಲ್ಲ. ಮತ್ತೆ ದೀಪ ಮಿಟುಕಿಸಿತು. ಕುವಾಬಾರಾ ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿದ.

"ಅವನು ಬರ್ತಿಲ್ಲ ಕಣೋ ಕಮ್ಮೂನ್, ನಾವೇ ಹೋಗೋಣ."

"ಬರ್ತಾನಕ್ಕಾ! ಮೂವತ್ತು ವರ್ಷ ಓಡಿಸಿದೀನಿ, ನನಗೆ ಗೊತ್ತಿಲ್ವಾ? ದೀಪ ಹೊಡೆದೋನು ಬಂದೇ ಬರ್ತಾನೆ."

ಎರಡು ಕಡೆಯೂ ಗಾಡಿಗಳು ಸಾಲುಗಟ್ಟಿದವು. ಹಾರನ್ ಹೊಡೆದರೆ ಬೈದಂತೆ ಎಂದು ತಿಳಿದ ಊರು ಅದು. ಎಲ್ಲರೂ ಸಭ್ಯವಾಗಿ, ಮೌನವಾಗಿ, ಒಳಗೊಳಗೇ ಶಪಿಸುತ್ತ ಕಾದರು. ಪಿಕಪ್ ಮಿಟುಕಿಸುತ್ತಲೇ ಇತ್ತು. ಅಮ್ಮ ಕೊನೆಗೆ ಬುಟ್ಟಿ ಹೊತ್ತು ನಡೆದೇ ಹೋಗುತ್ತೇನೆಂದು ಬಾಗಿಲು ತೆರೆದಳು. ಆಗ ಕಾರ್ಖಾನೆಯ ಸೈರನ್ ಕೂಗಿತು. ಹನ್ನೆರಡು ಗಂಟೆ. ಮೊದಲೆಲ್ಲ ಹತ್ತು ನಿಮಿಷ ತಡವಾಗಿ ಕೂಗುತ್ತಿದ್ದ ಆ ಸೈರನ್ನನ್ನು ಹೋದ ತಿಂಗಳಷ್ಟೇ ಕ್ಷಣ ತಪ್ಪದಂತೆ ಸರಿಪಡಿಸಿದವನು ಸ್ವತಃ ಕುವಾಬಾರಾ.

ಪಿಕಪ್ಪಿನವನು ಇಳಿದು ಸೇತುವೆಯ ಮೇಲೆ ನಡೆದು ಬಂದು ಕೈಮುಗಿದ. ವಿಹಾರಕ್ಕೆ ಐಸ್ ಕೊಡುವ ವಿರತ್.

"ನಿಮ್ಮ ಊಟ ಇನ್ನೂ ಬರ್ಲಿಲ್ಲ, ನೋಡ್ಕೊಂಡು ಬಾ ಅಂತ ದೊಡ್ಡ ಸ್ವಾಮಿಗಳು ಕಳಿಸಿದ್ರು. ಅಲ್ಲ, ಅಷ್ಟು ಸಲ ದೀಪ ಹೊಡೆದ್ನಲ್ಲ, ಯಾಕೆ ಬರ್ಲಿಲ್ಲ?"

"ತಾವು ಬರುತ್ತಿರುವಿರೆಂದು ತಿಳಿದೆನು," ಎಂದ ಕುವಾಬಾರಾ.

ವಿರತ್ ಹಣೆ ಚಚ್ಚಿಕೊಂಡ. "ನಾನು ಜಪಾನಲ್ಲಿ ಎಂಟು ವರ್ಷ ಕೆಲಸ ಮಾಡ್ದೋನು ಸ್ವಾಮಿ. ಬೆಳಿಗ್ಗೆ ಹೊಡೆದಿದ್ದು ನಮ್ಮೂರ ಅರ್ಥದಲ್ಲಿ. ಆಮೇಲೆ ನಿಮ್ಮ ಎಲೆ ರಸ್ತೇಲಿ ಬಿದ್ದಿದ್ದು ನೋಡಿದೆ. ಅಯ್ಯೋ, ಪಾಪ, ನಿಮ್ಮೂರ ಅರ್ಥ ಹಿಡ್ಕೊಂಡು ನುಗ್ಗಿದಾರೆ, ಇವರಿಗೊಂದು ಸಲ ದಾರಿ ಬಿಡೋದು ಬಾಕಿ ಉಳೀತಲ್ಲ ಅನ್ನಿಸ್ತು. ಅದಕ್ಕೇ ಈಗ ನಿಮ್ಮೂರ ಅರ್ಥದಲ್ಲೇ ಹೊಡೆದೆ!"

ಕಮ್ಮೂನ್ ಮಾವ ಸಾರಿನ ಪಾತ್ರೆಯೊಳಗೆ ಏನೋ ಕಳೆದುಕೊಂಡವನ ಹಾಗೆ ಇಣುಕತೊಡಗಿದ.

ಚಂಪೆಂಗ್ ಅಮ್ಮ ವಿಹಾರದ ತುದಿಯನ್ನು ಬಹಳ ಹೊತ್ತು ನೋಡಿದಳು. ಸೆರಗಿನ ಹಾಗೆ ಭುಜಕ್ಕೆ ಹೊದ್ದಿದ್ದ ಪಟ್ಟಿಯಿಂದ ಕಣ್ಣೊರೆಸಿಕೊಂಡು, ಆಮೇಲೆ ನಕ್ಕಳು.

"ನಮ್ಮನೆಯವರು ಬದುಕಿದ್ದಾಗ್ಲೂ ಒಂದು ದಿನ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದೋರಲ್ಲ. ನೂರಾಒಂದನೇ ದಿನ ಉಣ್ಣಲಿ ಬಿಡಿ. ಕುವಾ ಸಾನ್, ನಾಳೆಯೂ ನೀವೇ ಗಾಡಿ ಬಿಡ್ಬೇಕು."

"ನಾನೂ ಬರ್ತೀನಿ," ಎಂದ ಮಾವ. "ದಾರಿ ಹೇಳೋಕೆ ಒಬ್ಬರು ಬೇಕಲ್ಲ."

ನಾಳೆ ದೀಪ ಮಿಟುಕಿದರೆ ಹೋಗಬೇಕೋ ನಿಲ್ಲಬೇಕೋ ಎಂದು ಕೇಳಲು ಕುವಾಬಾರಾ ಬಾಯಿ ತೆರೆದ. ವಿರತ್ ಜೇಬಿನಿಂದ ಎಲೆಯನ್ನು ತೆಗೆದು, ಧೂಳು ಒರೆಸಿ, ಜಪಾನಿನವರ ಹಾಗೆ ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ಅವನ ಅಂಗೈಯಲ್ಲಿಟ್ಟ.